ಮನೆ ಎತ್ತಿಸುವವರು ಮೊದಲು ಕೇಳಬೇಕಾದ ಪ್ರಶ್ನೆ

ನೆರೆ ಬರುವ ಜಾಗದಲ್ಲಿ ನಿಂತ ಮನೆಯನ್ನು ಜಾಕಿಗಳ ಮೇಲೆ ಎತ್ತಿಸುವುದಾದರೆ ಖಂಡಿತ ಎತ್ತಿಸಿ. ಆದರೆ ಎಷ್ಟು ಅಡಿ ಎಂದು ಕೇಳುವ ಮೊದಲು, ಎತ್ತಿದಾಗ ಕೆಳಗೆ ತೆರವಾಗುವ ಜಾಗದಲ್ಲಿ ಏನನ್ನು ಕಟ್ಟುತ್ತೀರಿ ಎಂದು ಕೇಳಿ. ನಾವುಂದದ ಕಡೆ, ಸೌಪರ್ಣಿಕಾ ನದಿಯ ತಗ್ಗಿನಲ್ಲಿರುವ ಅಕ್ಕನ ಮನೆಯನ್ನು ಜಾಕಿ ಕೊಟ್ಟು ಮೂರು ಅಡಿ ಎತ್ತಿಸುವ ಮಾತು ಶುರುವಾದಾಗಿನಿಂದ ತುಮಕೂರಿನಲ್ಲಿ ಕುಳಿತು ನಾನು ಇದನ್ನೇ ಹೇಳುತ್ತಿದ್ದೇನೆ. ಕಟ್ಟಡದ ಕೆಲಸವೇ ನನ್ನ ಅನ್ನ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿರುವುದು.

ಎತ್ತರ ತಡೆಯುವುದು ಹರಿದು ಬರುವ ನೀರನ್ನು. ನೆಲದಿಂದ ಗೋಡೆಯೊಳಗೆ ಏರುವ ತೇವವನ್ನು ಅದೊಂದೇ ತಡೆಯುವುದಿಲ್ಲ. ಕಡಲ ಬದಿಯಲ್ಲಿ ಆ ತೇವದ ಜೊತೆ ಉಪ್ಪೂ ಏರುತ್ತದೆ. ನೀರು ಆರುತ್ತದೆ, ಉಪ್ಪು ಗಾರೆಯೊಳಗೇ ಹರಳುಗಟ್ಟುತ್ತದೆ, ಪ್ಲಾಸ್ಟರ್ ಹಪ್ಪಳದಂತೆ ಎದ್ದು ಉದುರುತ್ತದೆ.

ಆ ಜಾಗದಲ್ಲಿ ಕಟ್ಟಲು ಭಾವ ಮೊದಲು ಹೇಳಿದ್ದು ಕೆಂಪುಕಲ್ಲು, ಎಂದರೆ ಕರಾವಳಿಯ ಮುರಕಲ್ಲು. ಊರಿನಲ್ಲೇ ಸಿಗುತ್ತದೆ, ಮೇಲಿನ ಗೋಡೆಗೆ ಒಳ್ಳೆಯ ಕಲ್ಲು, ಅದರ ಮೇಲೆ ನನಗೆ ಗೌರವವಿದೆ. ಆದರೆ ಭಾರತೀಯ ಮಾನಕವೇ ಅದಕ್ಕೆ ತೂಕದ ಶೇ. 12ರವರೆಗೆ ನೀರು ಹೀರುವ ಅವಕಾಶ ಕೊಟ್ಟಿದೆ. ಎಂದರೆ ಮೂವತ್ತು ಕಿಲೋ ತೂಗುವ ಒಂದು ಕಲ್ಲು ಮೂರೂವರೆ ಲೀಟರ್‌ನಷ್ಟು ನೀರು ಕುಡಿಯಬಹುದು. ಒಳ್ಳೆಯ ಗ್ರಾನೈಟ್ ಶೇ. 1ನ್ನೂ ಹೀರುವುದಿಲ್ಲ. ನಮ್ಮ ಬಯಲುಸೀಮೆಯಲ್ಲಿ ಪಾಯಕ್ಕೆ ಗ್ರಾನೈಟಿನ ಸೈಜುಗಲ್ಲು ಹಾಕುತ್ತೇವಲ್ಲ, ಅಲ್ಲಿ ಅದನ್ನೇ ಶಿಲೆಕಲ್ಲು ಎಂದು ಕೇಳಿ ತರಿಸಬಹುದು.

ಕಲ್ಲೊಂದೇ ಸಾಲದು. ಕೋಲಾರದಲ್ಲಿ 2018ರಿಂದ ಕೆ.ಸಿ. ವ್ಯಾಲಿ ನೀರು, ಎಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಕೆರೆಗಳಿಗೆ ಬಂತು, 2021ರ ನವೆಂಬರ್ ಮಳೆಗೆ ಎಷ್ಟೋ ಕೆರೆಗಳು ಕೋಡಿ ಹರಿದವು. ಆಮೇಲೆ ಕೆರೆ ಪಕ್ಕದ ಮನೆಗಳಲ್ಲಿ ಅಪ್ಪಟ ಸೈಜುಗಲ್ಲಿನ ಪಾಯದ ಮೇಲಿನ ಗೋಡೆಯೂ ಮೊಣಕಾಲೆತ್ತರಕ್ಕೆ ಒದ್ದೆಯಾದದ್ದನ್ನು ನೋಡಿದ್ದೇನೆ. ಕಲ್ಲುಗಳ ನಡುವಿನ ಗಾರೆ ನೀರನ್ನು ಮೇಲಕ್ಕೆಳೆಯುತ್ತದೆ. ಅದನ್ನು ತಡೆಯುವುದು ಪಾಯದ ನೆತ್ತಿಯ ಮೇಲಿನ ಡಿಪಿಸಿ: ನೀರು ತಡೆಯುವ ಪುಡಿ ಬೆರೆಸಿದ ಎರಡು ಇಂಚಿನ ಕಾಂಕ್ರೀಟ್ ಪಟ್ಟಿ, ಅದರ ಮೇಲೆ ಬಿಸಿ ಡಾಂಬರಿನ ಲೇಪ.

ನಿಂತ ಮನೆಗೆ ಇದನ್ನು ಆಮೇಲೆ ಸೇರಿಸುವುದು ಬಹಳ ಕಷ್ಟ. ಮನೆ ಎತ್ತಿದಾಗ ಮಾತ್ರ ಗೋಡೆ ಪಾಯದಿಂದ ಪೂರ್ತಿ ಬಿಟ್ಟುಕೊಂಡಿರುತ್ತದೆ. ಇಂಥ ಅವಕಾಶ ಮತ್ತೆ ಬರುವುದಿಲ್ಲ. ಇಲ್ಲೇ ಕೆಲಸ ಕೆಡುವುದೂ. ಜಾಕಿಗಳ ನಡುವೆ ಮೊದಲು ಕಟ್ಟುತ್ತಾರೆ, ಬಳಿಕ ಒಂದೊಂದೇ ಜಾಕಿ ತೆಗೆದು ಆ ಸಂದುಗಳನ್ನು ಮುಚ್ಚುತ್ತಾರೆ. ಆ ಹೊತ್ತಿಗೆ ಎಲ್ಲರಿಗೂ ಅವಸರ. ಕೈಗೆ ಸಿಕ್ಕ ಇಟ್ಟಿಗೆ ಚೂರು, ಉಳಿದ ಗಾರೆ ತುರುಕಿ ಮೇಲೆ ಕರಣೆ ಆಡಿಸಿದರೆ ಹೊರಗಿನಿಂದ ಏನೂ ಕಾಣುವುದಿಲ್ಲ. ಪಟ್ಟಿ ಅಲ್ಲಿ ತುಂಡಾದರೆ ತೇವಕ್ಕೆ ಅದೇ ದಾರಿ. ಪ್ರತಿ ಸಂದಿನಲ್ಲೂ ಡಿಪಿಸಿ ಕೂಡಿಕೊಂಡಿದೆಯೇ ಎಂದು ಮನೆಯವರೇ ನಿಂತು ನೋಡಬೇಕು. ಹೊರಗಿನ ಪ್ಲಾಸ್ಟರ್ ಆ ಪಟ್ಟಿಯನ್ನು ದಾಟಿ ಕೆಳಗಿಳಿಯಬಾರದು, ಇಳಿದರೆ ತೇವ ಅದನ್ನೇ ಹಿಡಿದು ಮೇಲೇರುತ್ತದೆ.

ಕಂಬಿ ಹಾಕುವ ಕಡೆ ಇನ್ನೂ ಎಚ್ಚರ ಬೇಕು. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಪ್ರಕಾರ ಕರಾವಳಿಯ ವಾತಾವರಣಕ್ಕೆ ಕನಿಷ್ಠ ಎಂ 30 ದರ್ಜೆಯ ಕಾಂಕ್ರೀಟ್, ಕಂಬಿಯ ಮೇಲೆ 45 ಮಿಲಿಮೀಟರ್ ಕವರ್, ಎಂದರೆ ಕಂಬಿಯನ್ನು ಮುಚ್ಚುವ ಕಾಂಕ್ರೀಟಿನ ದಪ್ಪ. ಕಂಬಿಯ ಕೆಳಗೆ ಜಲ್ಲಿ ಚೂರು ಸಿಕ್ಕಿಸಿ "ಆಯಿತು" ಎನ್ನುವ ಮೇಸ್ತ್ರಿಯ ಮಾತನ್ನು ಒಪ್ಪಬೇಡಿ, ಅಳತೆಯ ಕವರ್ ಬ್ಲಾಕ್ ಇಡಿಸಿ. ಉಪ್ಪು ತಲುಪಿದ ಕಂಬಿ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನೇ ಸೀಳುತ್ತದೆ. ಸಿಮೆಂಟಿನಲ್ಲಿ ಕಬ್ಬಿಣದ ಕುಲುಮೆಯ ಕಿಟ್ಟ ಬೆರೆಸಿದ ಸ್ಲ್ಯಾಗ್ ಸಿಮೆಂಟ್ ಅಥವಾ ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟ್ ಉಪ್ಪನ್ನು ಹೆಚ್ಚು ತಾಳುತ್ತವೆ. ಅಳಿವೆ ಬದಿಯ ಮರಳು ಬೇಡ. ಬೇಸಿಗೆಯಲ್ಲಿ ಉಪ್ಪಾಗುವ ಬಾವಿಯ ನೀರಿನಿಂದ ಕಾಂಕ್ರೀಟ್ ಕಲಸುವುದೂ ಬೇಡ.

ನೆಲದ ಕೆಳಗೆ ಜೇಡಿ ಮಣ್ಣಿನ ಬದಲು ಜಲ್ಲಿಯ ಪದರ, ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದರೆ ಸಾಕು.

ಗುತ್ತಿಗೆದಾರ ಕೊಟ್ಟ ಕಾಗದದಲ್ಲಿ "ಮೂರು ಅಡಿ ಎತ್ತಿಕೊಡುವುದು" ಎಂದಷ್ಟೇ ಇತ್ತು. ಶಿಲೆಕಲ್ಲು, ಡಿಪಿಸಿ, ಸಿಮೆಂಟಿನ ಬಗೆ, ಕವರ್ ಎಲ್ಲವನ್ನೂ ಸೇರಿಸಿ ಬರೆಸಿ ಎಂದು ಭಾವನವರಿಗೆ ಹೇಳಿದೆ. ಖರ್ಚು ಏರುತ್ತದೆ ಎಂದು ಅಕ್ಕ ಚಿಂತೆ ಮಾಡಿದಳು. ಒಳಗಿನ ಬಣ್ಣ, ಹೊಸ ಟೈಲ್ಸ್ ಎರಡನ್ನೂ ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ, ಆ ದುಡ್ಡು ಈಗ ಪಾಯಕ್ಕೆ ಹೋಗಲಿ ಎಂದಿದ್ದೇನೆ.