ಓಡ್ತಿದೆಯಲ್ಲ, ಓಡಲಿ ಬಿಡು

ಕ್ಲಿನಿಕ್ಕಿನ ಬಾಗಿಲು ತೆಗೆದು ಮೊದಲು ಮಾಡುವ ಕೆಲಸ ಕಂಪ್ಯೂಟರ್ ಸ್ವಿಚ್ ಒತ್ತುವುದು. ಆಮೇಲೆ ಕಸ ಗುಡಿಸಿ, ನೆಲ ಒರೆಸಿ, ದೇವರ ಫೋಟೋಗೆ ಹೂವಿಟ್ಟು, ಊದುಬತ್ತಿ ಹಚ್ಚಿ, ನೀರಿನ ಕ್ಯಾನ್ ಎತ್ತಿಟ್ಟು ಬಂದು ನೋಡಿದರೂ ಪರದೆಯ ಮೇಲೆ ಆ ಚಕ್ರ ಸುತ್ತುತ್ತಲೇ ಇರುತ್ತದೆ. ಅಷ್ಟರಲ್ಲಿ ಹೊರಗೆ ಬೆಂಚು ತುಂಬಿರುತ್ತದೆ. ಇವತ್ತೂ ಅಷ್ಟೇ. ಜ್ವರದ ಮಗುವನ್ನು ಹೆಗಲಿಗೆ ಹಾಕಿಕೊಂಡು ನಿಂತ ತಾಯಿಗೆ ಟೋಕನ್ ಕೊಡಲಾಗದೆ, ನಮ್ಮ ರಿಸೆಪ್ಷನ್ ಹುಡುಗಿ ಕೊನೆಗೆ ಔಷಧಿ ಕಂಪನಿಯವರು ಕೊಟ್ಟ ಪ್ಯಾಡಿನಿಂದ ಒಂದು ಹಾಳೆ ಹರಿದು, ದೊಡ್ಡದಾಗಿ '1' ಅಂತ ಬರೆದು ಕೊಟ್ಟಳು. ನಾನು ಒಳಗೆ ಹೋಗಿ, 'ರೀ, ಈ ವರ್ಷವಾದರೂ ಹೊಸದು ತಗೊಳ್ಳೋಣ' ಅಂದೆ. ನಮ್ಮನೆಯವರು ಒಬ್ಬರ ತೋಳಿಗೆ ಬಿಪಿ ಪಟ್ಟಿ ಸುತ್ತುತ್ತಾ, ತಲೆ ಕೂಡ ಎತ್ತದೆ, 'ಓಡ್ತಿದೆಯಲ್ಲ, ಓಡಲಿ ಬಿಡು' ಅಂದರು.

ಓಡುವುದಂತೆ! ತೆವಳುವುದಕ್ಕೂ ಓಡುವುದಕ್ಕೂ ವ್ಯತ್ಯಾಸ ಗೊತ್ತಿಲ್ಲದ ಡಾಕ್ಟರ್ ಹತ್ತಿರ ಜನ ಕಾಲುನೋವು ಅಂತ ಯಾಕೆ ಬರುತ್ತಾರೋ.

ನಮ್ಮದು ಸಾಗರದಲ್ಲಿ ಒಂದು ಸಣ್ಣ ಕ್ಲಿನಿಕ್. ಅವರು ರೋಗಿಗಳನ್ನು ನೋಡುತ್ತಾರೆ, ನಾನು ಉಳಿದದ್ದನ್ನೆಲ್ಲ ನೋಡುತ್ತೇನೆ. ಲೆಕ್ಕ, ಔಷಧಿ ಸ್ಟಾಕು, ನೀರಿನ ಮೋಟರು, ಜಗಳ. ಕಂಪ್ಯೂಟರ್ ಮೂರಿವೆ. ರಿಸೆಪ್ಷನ್ನಿನಲ್ಲಿರುವುದು ಕ್ಲಿನಿಕ್ ಶುರು ಮಾಡಿದ 2012ರದ್ದು, ವಿಂಡೋಸ್ ಸೆವೆನ್. ಡಾಕ್ಟರ್ ರೂಮಿನದ್ದು ಸ್ವಲ್ಪ ಚಿಕ್ಕವನು, ಅದರಲ್ಲಿ ವಿಂಡೋಸ್ ಟೆನ್. ಔಷಧಿ ಕೌಂಟರಿನಲ್ಲಿರುವುದು ನನ್ನ ಮೈದುನ ತಾನು ಹೊಸದು ತಗೊಂಡಾಗ ನಮಗೆ ದಾನ ಮಾಡಿದ್ದು, ಅದರಲ್ಲಿ ಈಗಲೂ ಎಕ್ಸ್‌ಪಿ. ಮೈಕ್ರೋಸಾಫ್ಟ್‌ನವರು ಎಕ್ಸ್‌ಪಿಯನ್ನು ಕೈಬಿಟ್ಟಿದ್ದು 2014ರ ಏಪ್ರಿಲ್ 8, ಸೆವೆನ್ ಅನ್ನು 2020ರ ಜನವರಿ 14, ಟೆನ್ ಅನ್ನು 2025ರ ಅಕ್ಟೋಬರ್ 14. ಮೂರರ ತಿಥಿಯೂ ನನಗೆ ಬಾಯಿಪಾಠ. ನಮ್ಮನೆಯವರಿಗೆ ಮದುವೆ ದಿನವೇ ನೆನಪಿರುವುದಿಲ್ಲ, ಇದೆಲ್ಲಿಂದ ನೆನಪಿರಬೇಕು.

ಕಳೆದ ಅಕ್ಟೋಬರ್ ಹೊತ್ತಿಗೆ ಡಾಕ್ಟರ್ ರೂಮಿನ ಕಂಪ್ಯೂಟರ್ ಆಗಾಗ ಇಡೀ ಪರದೆ ತುಂಬ ಒಂದು ನೋಟೀಸು ತೋರಿಸಲು ಶುರು ಮಾಡಿತು. ಒಬ್ಬರು ನಿವೃತ್ತ ಹೆಡ್‌ಮಾಸ್ತರು ತಮ್ಮ ರಕ್ತಪರೀಕ್ಷೆಯ ರಿಪೋರ್ಟ್ ಹಿಡಿದು ಎದುರಿಗೆ ಕೂತಿದ್ದರು. ಪರದೆ ಅರ್ಧ ಅವರ ಕಡೆಗೇ ತಿರುಗಿತ್ತು. ಕನ್ನಡಕ ಏರಿಸಿ, ನಿಧಾನವಾಗಿ, ಗಟ್ಟಿಯಾಗಿ ಓದಿದರು. 'ಎಂಡ್ ಆಫ್ ಸಪೋರ್ಟ್'. ಆಮೇಲೆ ಧ್ವನಿ ತಗ್ಗಿಸಿ, 'ನನ್ನದಾ ಡಾಕ್ಟ್ರೇ?' ಎಂದು ಕೇಳಿದರು. ಅವತ್ತು ಅವರ ಬಿಪಿ ಮೂರು ಸಲ ನೋಡಬೇಕಾಯಿತು.

ಬಂದವರೆಲ್ಲ ಒಂದೇ ಜೋಕು ಹೇಳುತ್ತಾರೆ. 'ಡಾಕ್ಟ್ರು ಮನೇಲೇ ಇದಾರಲ್ಲ ಮೇಡಂ, ಇದಕ್ಕೂ ಒಂದು ಇಂಜೆಕ್ಷನ್ ಹಾಕ್ಸಿ.' ಪ್ರತಿ ಸಲವೂ ಹೊಸದಾಗಿ ಕೇಳಿದವಳ ಹಾಗೆ ನಗುತ್ತೇನೆ. ಈ ನಗೆಗೆ ಬೇರೆ ಫೀಸು ಇಟ್ಟಿದ್ದರೆ ಇಷ್ಟರಲ್ಲಿ ಹೊಸ ಕಂಪ್ಯೂಟರ್ ಬಂದಿರುತ್ತಿತ್ತು.

ಆದರೆ ನನ್ನ ನಿಜವಾದ ಸಿಟ್ಟು ಒಂದು ಸಣ್ಣ ಸೆಲ್ಲಿನ ಮೇಲೆ. ಕಂಪ್ಯೂಟರಿನ ಹೊಟ್ಟೆಯೊಳಗೆ ನಾಣ್ಯದಷ್ಟು ಅಗಲದ ಸೆಲ್ ಒಂದು ಇರುತ್ತದೆ, ನೋಡಿರಬಹುದು. ಕರೆಂಟ್ ಇಲ್ಲದಾಗ ತಾರೀಖು, ಟೈಮು ಮರೆಯದಂತೆ ಕಾಯುವುದು ಅದರ ಕೆಲಸ. ಅದು ಸತ್ತರೆ ಯಂತ್ರ ಎದ್ದಾಗೆಲ್ಲ ಹಳೇ ಕಾಲಕ್ಕೆ ಹೋಗಿ ಕೂರುತ್ತದೆ. ನಮ್ಮ ರಿಸೆಪ್ಷನ್ ಯಂತ್ರಕ್ಕೆ ಇಷ್ಟವಾದ ದಿನ 2009ರ ಜನವರಿ 1. ಯುಪಿಎಸ್ ಬ್ಯಾಟರಿ ಎಂದೋ ಹೋಗಿದೆ. ಇನ್ನು ಮಲೆನಾಡಿನ ಮಳೆಗಾಲ, ಎಲ್ಲೋ ಒಂದು ಮರದ ಕೊಂಬೆ ಲೈನ್ ಮೇಲೆ ಬಿದ್ದರೆ ಸಾಕು, ನಮ್ಮಲ್ಲಿ ಹೊಸ ವರ್ಷ. ಆಷಾಢದಲ್ಲಿ ಕೆಲವು ದಿನ ಮಧ್ಯಾಹ್ನದ ಊಟದೊಳಗೆ ಎರಡು ಮೂರು ಹೊಸ ವರ್ಷ ಬಂದು ಹೋಗುತ್ತವೆ.

ಹುಡುಗಿಗೆ ನೆನಪಿದ್ದರೆ ತಾರೀಖು ಸರಿ ಮಾಡುತ್ತಾಳೆ. ಎದುರಿಗೆ ಹತ್ತು ಜನ ನಿಂತು ನಮ್ದು ಫಸ್ಟು ನಮ್ದು ಫಸ್ಟು ಅನ್ನುವಾಗ ಯಾರಿಗೆ ನೆನಪಿರುತ್ತದೆ. ನಮ್ಮ ಪ್ರೋಗ್ರಾಂ ಹುಟ್ಟಿದ ದಿನಾಂಕ ನೋಡಿ ವಯಸ್ಸನ್ನು ತಾನೇ ಲೆಕ್ಕ ಹಾಕುತ್ತದೆ. ಹಾಗಾಗಿ 2019ರಲ್ಲಿ ಹುಟ್ಟಿದ ಹುಡುಗ ಕೆಮ್ಮುತ್ತಾ ಬಂದರೆ ಚೀಟಿಯಲ್ಲಿ ವಯಸ್ಸು ಮೈನಸ್ ಹತ್ತು. ಎಂಬತ್ತೆರಡರ ಅಜ್ಜನೊಬ್ಬರಿಗೆ ಅರವತ್ತನಾಲ್ಕು ಅಂತ ಬಂತು. ಅವರೇನೂ ತಕರಾರು ಮಾಡಲಿಲ್ಲ, ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಇಟ್ಟುಕೊಂಡು, 'ಮನೇಲಿ ತೋರಿಸ್ತೆ' ಅಂತ ಹೊರಟರು. ಲಸಿಕೆ ಹಾಕಿಸಲು ಬಂದ ಎಳೆಗೂಸಿನ ಕಾರ್ಡಿನಲ್ಲಿ ಮುಂದಿನ ಲಸಿಕೆ 2009ರ ಜನವರಿ ಕೊನೆಯಲ್ಲಿ ಅಂತ ಪ್ರಿಂಟ್ ಆಯಿತು. ಅಜ್ಜಿ ಗಾಬರಿಯಾಗಿ ಓಡಿ ಬಂದರು. 'ಅಮ್ಮಾ, ತಾರೀಖು ದಾಟಿ ಹೋಯ್ತಲ್ಲ, ಇನ್ನು ಎಂತ ಮಾಡೂದು?' ಆ ತಾರೀಖಿಗೆ ಆ ಮಗುವಿನ ತಾಯಿಯೇ ಯೂನಿಫಾರ್ಮ್ ಹಾಕಿಕೊಂಡು ಪ್ರೈಮರಿ ಶಾಲೆಗೆ ಹೋಗುತ್ತಿದ್ದಿರಬೇಕು.

ಇವೆಲ್ಲ ನಗುವ ವಿಷಯ. ಒಬ್ಬರು ಮೇಷ್ಟ್ರು ನಮ್ಮ ಬಿಲ್ಲನ್ನು ಹಣ ವಾಪಸ್ ಪಡೆಯಲು ಆಫೀಸಿಗೆ ಕೊಟ್ಟಿದ್ದರು. ಅಲ್ಲಿ ಯಾರೋ ತಾರೀಖಿನ ಸುತ್ತ ಕೆಂಪು ಶಾಯಿಯಲ್ಲಿ ಗುಂಡಗೆ ಸುತ್ತು ಹಾಕಿ ವಾಪಸ್ ಕಳಿಸಿದ್ದರು. 'ಮೇಡಂ, ನಾನು ಕೆಲಸಕ್ಕೆ ಸೇರಿದ್ದೇ 2014ರಲ್ಲಿ' ಎಂದರು ಪಾಪ. ಕ್ಲಿನಿಕ್ ಇರುವ ಈ ಜಾಗದಲ್ಲಿ 2009ರಲ್ಲಿ ಸೈಕಲ್ ರಿಪೇರಿ ಅಂಗಡಿ ಇತ್ತು ಅಂತ ನಾನು ಅವರಿಗೆ ಹೇಳಲಿಲ್ಲ. ತಿಂಗಳ ಕೊನೆಯಲ್ಲಿ ಲೆಕ್ಕ ಕೂಡಿಸಿದರೆ ಕೈಯಲ್ಲಿ ದುಡ್ಡು ಜಾಸ್ತಿ, ಪುಸ್ತಕದಲ್ಲಿ ಕಡಿಮೆ. ಉಳಿದದ್ದೆಲ್ಲ ಆ ಒಂದೇ ದಿನದ ಖಾತೆಯಲ್ಲಿ ಹೋಗಿ ಕೂತಿರುತ್ತದೆ. ನಮ್ಮ ಕ್ಲಿನಿಕ್ಕಿನ ಇತಿಹಾಸದಲ್ಲೇ ಅತಿ ಹೆಚ್ಚು ವಸೂಲಾದ ದಿನ ಯಾವುದು ಅಂತ ಆ ಕಂಪ್ಯೂಟರನ್ನು ಕೇಳಿದರೆ, ಕ್ಲಿನಿಕ್ ಶುರುವಾಗುವುದಕ್ಕೆ ಮೂರು ವರ್ಷ ಮೊದಲಿನ ಜನವರಿ 1 ಅನ್ನುತ್ತದೆ. ಇದನ್ನು ಆಡಿಟರಿಗೆ ಹೇಗೆ ವಿವರಿಸುತ್ತೀರಿ? ನಾನು ಕಾಫಿ ಕೊಟ್ಟು ವಿವರಿಸುತ್ತೇನೆ.

ಐವತ್ತು ರೂಪಾಯಿ ಸೆಲ್ ಅಲ್ವಾ, ಹೊಸದು ಹಾಕಿಸಬಾರದೇ ಅಂತ ನೀವು ಕೇಳುತ್ತೀರಿ. ಹಾಕಿಸಿದ್ದೇವೆ. ಸೆಲ್ ಸರಿ ಇದೆ, ಅದು ಕೂರುವ ಕ್ಲಿಪ್ಪಿಗೇ ನಮ್ಮೂರ ಥಂಡಿಗೆ ತುಕ್ಕು ಹಿಡಿದಿದೆ. ರಿಪೇರಿ ಹುಡುಗ ಮಾತ್ರೆಯ ಪಟ್ಟಿಯ ಬೆಳ್ಳಿ ಕಾಗದ ಕತ್ತರಿಸಿ ಅದರ ಅಡಿಗೆ ಸಿಕ್ಕಿಸಿದ. ಅದು ನಿಂತಿತು, ಪಕ್ಕದ ಪ್ರಿಂಟರ್ ಶುರುವಾಗುವ ತನಕ. ನಮ್ಮದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು. ಒಂದು ಬಿಲ್ ಬಂತೆಂದರೆ ಟೇಬಲ್ಲಿನ ಮೇಲಿನ ಸ್ಟೇಪ್ಲರ್ ನಡೆಯಲು ಶುರು ಮಾಡುತ್ತದೆ.

ಆ ರಿಪೇರಿ ಹುಡುಗ ಒಳ್ಳೆಯವನು. ಬಂದ ಕೂಡಲೇ ರಿಸೆಪ್ಷನ್ ಹುಡುಗಿಯ ಹತ್ತಿರ ರಬ್ಬರ್ ಕೇಳುತ್ತಾನೆ, ಪೆನ್ಸಿಲ್ ಅಳಿಸುವ ರಬ್ಬರ್. ರ‍್ಯಾಮ್ ಹೊರಗೆ ತೆಗೆದು ಅದರ ಹಲ್ಲುಗಳನ್ನು ಉಜ್ಜಿ, ಉಫ್ ಅಂತ ಊದಿ, ವಾಪಸ್ ಸಿಕ್ಕಿಸುತ್ತಾನೆ. ಕಂಪ್ಯೂಟರ್ ಎದ್ದು ಕೂರುತ್ತದೆ. ಇಷ್ಟಾದ ಮೇಲೆ ನಮ್ಮನೆಯವರು ನನ್ನ ಕಡೆ ಒಂದು ನೋಟ ನೋಡುತ್ತಾರಲ್ಲ, ಅದನ್ನು ನಾನು ಬರೆಯಲಾರೆ. ಒಂದು ಸಲ ಕ್ಯಾಬಿನೆಟ್ ಒಳಗಿಂದ ಕರಕರ ಸದ್ದು ಬರುತ್ತಿತ್ತು. ಸತ್ಯ ಹೇಳುತ್ತೇನೆ, ಈ ಮನುಷ್ಯ ಕೊರಳಿನಲ್ಲಿದ್ದ ಸ್ಟೆತಾಸ್ಕೋಪ್ ತೆಗೆದು ಅದರ ಪಕ್ಕೆಗೆ ಇಟ್ಟು, ಮೇಲೊಮ್ಮೆ ಕೆಳಗೊಮ್ಮೆ ಕೇಳಿ, 'ಹಾರ್ಡ್ ಡಿಸ್ಕ್ ಅಲ್ಲ, ಫ್ಯಾನು' ಅಂತ ಹೇಳಿದರು. ಬೆಂಚಿನ ಮೇಲಿದ್ದವರೆಲ್ಲ ಗೌರವದಿಂದ ನೋಡಿದರು. ಫ್ಯಾನೇ ಆಗಿತ್ತು, ಅದೇ ನನ್ನ ದುರದೃಷ್ಟ.

ಇದೇ ಮನುಷ್ಯ ರೋಗಿಗಳಿಗೆ ಏನು ಹೇಳುತ್ತಾರೆ ಅಂತ ಕೇಳಬೇಕು ನೀವು. 'ನೋಡಿ ಅಜ್ಜಿ, ಮಂಡಿ ಸವೆದಿದೆ. ಎಣ್ಣೆ ಹಚ್ಕೊಂಡು ಎಷ್ಟು ದಿನ ಇರ್ತೀರಿ? ಸುಮ್ನೆ ಮುಂದೂಡಬೇಡಿ, ಬದಲಾಯಿಸಿಬಿಡಿ.' ಗೋಡೆಯ ಈಚೆ ಕೂತ ನನಗೆ ಒಂದೊಂದು ಅಕ್ಷರವೂ ಕೇಳಿಸುತ್ತದೆ. ನಮ್ಮ ವಿಷಯಕ್ಕೆ ಬಂದರೆ ಮಾರ್ಚ್ ಮುಗೀಲಿ, ಮಳೆಗಾಲ ಕಳೀಲಿ, ಅಡಿಕೆ ಕೊಯ್ಲು ಮುಗಿದು ಜನರ ಕೈಲಿ ದುಡ್ಡಾಗಲಿ, ಮಾರಿಕಾಂಬಾ ಜಾತ್ರೆ ಆಗಲಿ. ಸಾಗರದ ಜಾತ್ರೆ ಮೂರು ವರ್ಷಕ್ಕೊಮ್ಮೆ ಬರುವುದು ಅಂತ ಗೊತ್ತಿದ್ದೇ ಹೇಳುವುದು ಅವರು.

ಅವರದ್ದೂ ಒಂದು ಲೆಕ್ಕವಿದೆ, ಸುಳ್ಳಲ್ಲ. ಇದು ಬರೀ ಡಬ್ಬಿ ಬದಲಿಸುವ ವಿಷಯವಲ್ಲ. ವಿಂಡೋಸ್ ಇಲೆವೆನ್‌ಗೆ ಟಿಪಿಎಂ 2.0 ಅನ್ನುವ ಚಿಪ್ಪು ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರಿನ ಮೇಲಿನ ಪ್ರೊಸೆಸರ್ ಬೇಕು. ನಮ್ಮದು ಎರಡನೆಯದು, ನಾಲ್ಕನೆಯದು, ಇನ್ನೊಂದಕ್ಕೆ ತಲೆಮಾರೇ ಇಲ್ಲ. ಹೊಸ ಯಂತ್ರದಲ್ಲಿ ನಮ್ಮ ಪ್ರಿಂಟರಿನ ಅಗಲ ಪಿನ್ನಿಗೆ ಜಾಗವಿರುವುದಿಲ್ಲ, ಅಂದರೆ ಹೊಸ ಪ್ರಿಂಟರ್. ಬಸ್ ಟಿಕೆಟ್ ತರದ ಥರ್ಮಲ್ ಕಾಗದ ತಗೊಂಡರೆ ಕೆಲವೇ ತಿಂಗಳಲ್ಲಿ ಅಕ್ಷರ ಮಾಸಿ ಬಿಳಿ ಹಾಳೆಯಾಗುತ್ತದೆ, ಆಮೇಲೆ ಮೇಷ್ಟ್ರು ಮತ್ತೆ ಬರುತ್ತಾರೆ. ಹಾಗಂತ ಇದರಲ್ಲೇ ಇರೋಣ ಅಂದರೆ ಕ್ರೋಮ್ 2023ರ ಶುರುವಿನಲ್ಲೇ ಸೆವೆನ್‌ಗೆ ಕೈ ಮುಗಿದು ಹೋಗಿದೆ. ತಾರೀಖು 2009ಕ್ಕೆ ಹೋದ ದಿನವಂತೂ ಯಾವ ವೆಬ್‌ಸೈಟೂ ತೆರೆಯುವುದಿಲ್ಲ, ಅವುಗಳ ಸರ್ಟಿಫಿಕೇಟ್ ಇನ್ನೂ ಹುಟ್ಟಿಲ್ಲ ಅನ್ನುತ್ತದೆ. ಜನ ಸರ್ಕಾರದ ಡಿಜಿಟಲ್ ಆರೋಗ್ಯ ಖಾತೆಯ ಹದಿನಾಲ್ಕು ಅಂಕಿಯ ಆಭಾ ನಂಬರ್ ಹಿಡಿದು ಬರುತ್ತಾರೆ, ಹುಡುಗಿ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾಳೆ. ಡಿಜಿಟಲ್ ಇಂಡಿಯಾ, ಇನ್ನೂರು ಪುಟದ ನೋಟ್‌ಬುಕ್.

ಬೆಂಗಳೂರಲ್ಲಿರುವ ಅಕ್ಕನ ಮಗ ಒಂದು ದಾರಿ ಹೇಳಿದ. 'ಚಿಕ್ಕಮ್ಮಾ, ಎಸ್.ಪಿ. ರೋಡಿಗೆ ಹೋದ್ರೆ ಕಂಪನಿಗಳು ಬಿಟ್ಟ ಒಳ್ಳೊಳ್ಳೆ ಮೆಷಿನ್ ಅರ್ಧ ರೇಟಿಗೆ ಸಿಗುತ್ತೆ, ತಂದು ಕೊಡ್ಲಾ?' ನಮ್ಮನೆಯವರು ಕೇಳಿದ ಪ್ರಶ್ನೆ: 'ಹಳೇದನ್ನ ತೆಗೆದು ಹಳೇದನ್ನೇ ಇಡೋದಕ್ಕೆ ಬೆಂಗಳೂರಿಗೆ ಯಾಕೆ ಹೋಗ್ಬೇಕು?' ಸರಿ, ಇಲ್ಲೇ ಅಂಗಡಿಯಿಂದ ಕೊಟೇಶನ್ ತರಿಸಿದೆ. ಅವರು ಅದನ್ನು ಔಷಧಿ ಸ್ಯಾಂಪಲ್ ಡಬ್ಬದ ಕೆಳಗೆ ಇಟ್ಟು ಯೋಚನೆ ಮಾಡಿದರು. ಯೋಚನೆ ಮುಗಿಯುವಷ್ಟರಲ್ಲಿ ರ‍್ಯಾಮ್ ರೇಟು ಏರಿ ಕೂತಿತ್ತು. ಎಐ ಡೇಟಾ ಸೆಂಟರುಗಳಿಗೆ ಅಂತ ಜಗತ್ತಿನ ಮೆಮೊರಿ ಚಿಪ್ಪನ್ನೆಲ್ಲ ಬಾಚಿಕೊಳ್ಳುತ್ತಿದ್ದಾರಂತೆ. ಯಾರೋ ಎಲ್ಲೋ ಕುಳಿತು ಬೆಕ್ಕಿಗೆ ಕೋಟು ಹಾಕಿದ ಚಿತ್ರ ಮಾಡಿಸುತ್ತಾರೆ, ಸಾಗರದಲ್ಲಿ ನೆಗಡಿಗೆ ಬಿಲ್ ಬರೆಯುವ ಕಂಪ್ಯೂಟರ್ ತುಟ್ಟಿಯಾಗುತ್ತದೆ. 'ಇಳೀಲಿ ತಡಿ' ಅಂದರು. ಹೊಸ ಕೊಟೇಶನ್ನಿನ ಕೆಳಗೆ ಅಂಗಡಿಯವನು 'ಈ ರೇಟು ಏಳು ದಿನ ಮಾತ್ರ' ಅಂತ ಬರೆದು ಗೆರೆ ಎಳೆದಿದ್ದ. ನಮ್ಮನೆಯವರನ್ನು ಅವನು ಚೆನ್ನಾಗಿ ಬಲ್ಲ.

ಒಂದು ವಿಷಯದಲ್ಲಿ ಮಾತ್ರ ನಾನು ಬಾಯಿ ಮುಚ್ಚುತ್ತೇನೆ. ರಿಸೆಪ್ಷನ್ ಕಂಪ್ಯೂಟರಿನ ಪ್ರೋಗ್ರಾಂ ಬರೆದುಕೊಟ್ಟ ಹುಡುಗ ಈಗ ಹೊರದೇಶದಲ್ಲಿದ್ದಾನೆ, ಪಾಸ್‌ವರ್ಡ್ ಅವನಿಗೇ ನೆನಪಿಲ್ಲ. ಹೊಸದಕ್ಕೆ ಹೆಸರು, ನಂಬರ್ ಎಲ್ಲ ತರಬಹುದು, 'ಷರಾ' ಅನ್ನುವ ಕಾಲಂ ಬರುವುದಿಲ್ಲ ಅಂತ ರಿಪೇರಿ ಹುಡುಗ ಹೇಳಿದ. ಆ ಕಾಲಂ ತುಂಬಿದ್ದು ನಮ್ಮ ಮೊದಲ ಕಾಂಪೌಂಡರ್. ಒಂದೇ ಬೆರಳಲ್ಲಿ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುತ್ತಿದ್ದರು. 'ಅಡಿಕೆ ಮಾರಿದ ಮೇಲೆ ಕೊಡ್ತಾರೆ, ಕೇಳಬೇಡಿ.' 'ಎಡಕಿವಿ ಕೇಳಲ್ಲ, ಬಲಗಡೆ ನಿಂತು ಹೇಳಿ.' 'ಸೂಜಿ ಅಂದ್ರೆ ಓಡ್ತಾರೆ, ಮೊದಲು ಬಾಗಿಲು ಹಾಕಿ.' ಯಾರದ್ದೋ ಹೆಸರು ಹುಡುಕಲು ಎರಡು ಅಕ್ಷರ ಒತ್ತಿದರೆ ಈಗ ಇಲ್ಲದವರೂ ಸಾಲಾಗಿ ಬರುತ್ತಾರೆ, ಅವರವರ ಷರಾ ಸಮೇತ. ಕಾಂಪೌಂಡರ್ ಹೋಗಿಯೂ ನಾಲ್ಕು ವರ್ಷವಾಯಿತು. 2019ರಲ್ಲಿ ಅರಳಗೋಡು ಕಡೆ ಮಂಗನ ಕಾಯಿಲೆ ಬಂದಾಗ ಜ್ವರ ಅಂದರೆ ಸಾಕು ಜನ ಹೆದರಿ ಬೆಳಗಿನ ಬಸ್ಸಿಗೇ ಬಂದು ಕೂರುತ್ತಿದ್ದರು. ಆಗ ದಿನವಿಡೀ ಕೂತು ಒಬ್ಬೊಬ್ಬರದ್ದೇ ಬರೆದುಕೊಂಡಿದ್ದು ಇದೇ ಕೀಬೋರ್ಡಿನಲ್ಲಿ. ಒಳರೋಗಿಗಳ ದಾಖಲೆಯನ್ನೇ ಮೂರು ವರ್ಷ ಇಟ್ಟರೆ ಸಾಕು ಅನ್ನುತ್ತದೆ 2002ರ ವೈದ್ಯಕೀಯ ಮಂಡಳಿಯ ನಿಯಮ, ನಮ್ಮಲ್ಲಿ ಒಳರೋಗಿಗಳೇ ಇಲ್ಲ. ಆದರೂ ಒಂದು ಸಂಜೆ ರೋಗಿಗಳೆಲ್ಲ ಹೋದ ಮೇಲೆ ಈ ಮನುಷ್ಯ ರಿಸೆಪ್ಷನ್ ಕುರ್ಚಿಯಲ್ಲಿ ಕೂತು ಆ ಕಾಲಂ ಓದುತ್ತಿದ್ದುದನ್ನು ನೋಡಿದ್ದೇನೆ. ಏನೂ ಕೇಳಲಿಲ್ಲ.

ಆ ಷರಾಗಳನ್ನೆಲ್ಲ ಪ್ರಿಂಟ್ ತೆಗೆದಿಡೋಣ ಅಂತ ನಾನೇ ಉಪಾಯ ಹೇಳಿದೆ. ಡಾಟ್ ಮ್ಯಾಟ್ರಿಕ್ಸ್ ಎರಡು ಭಾನುವಾರ ಕಿರುಚಿ ಒಂದು ಕಟ್ಟು ಕಾಗದ ಕೊಟ್ಟಿತು. ಇನ್ನು ನೆಪ ಇರಲಿಲ್ಲ. ಅವರೇ ಫೋನ್ ಮಾಡಿ ಅಂಗಡಿಯ ಹುಡುಗನನ್ನು ಕರೆಸಿದರು, ನಾನು ಚೆಕ್ ಪುಸ್ತಕ ತೆಗೆದಿಟ್ಟೆ. ಅವನು ರೇಟು ಹೇಳಿದ, ಇವರು ಒಪ್ಪಿದರು. ಪ್ರಿಂಟರ್ ಹೇಳಿದ, ಒಪ್ಪಿದರು. ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಆಗ ಆ ಹುಡುಗ ಯಾರೂ ಕೇಳದಿದ್ದರೂ, 'ಸಾರ್, ರಿಸೆಪ್ಷನ್ನಿನ ಹಳೇದಕ್ಕೆ ಎಂಟುನೂರು ಕಳೀತೀನಿ' ಅಂದ.

'ಎಂಟುನೂರಾ?' ನಮ್ಮನೆಯವರ ಪೆನ್ನು ಅಲ್ಲೇ ನಿಂತಿತು. 'ಇಷ್ಟು ಚೆನ್ನಾಗಿ ಓಡೋ ಮೆಷಿನ್ನಿಗಾ? ಅದರ ತಗಡಿಗೇ ಎಂಟುನೂರು ಆಗುತ್ತಲ್ಲಯ್ಯಾ!'

'ತಗಡಿಗೇ ಹೇಳಿದ್ದು ಸಾರ್' ಅಂದ ಅವನು.

ಚೆಕ್ ಪುಸ್ತಕ ವಾಪಸ್ ಬೀರುವಿಗೆ ಹೋಯಿತು.