ಪರ-ವಿರೋಧ: ವಿಜ್ಞಾನ ಪಾಠ ಸ್ಮಾರ್ಟ್ ಬೋರ್ಡಿನಿಂದಲೇ ಶುರುವಾಗಬೇಕೇ?

ಪರ
(ಗದಗಿನ ಪ್ರೌಢಶಾಲಾ ಶಿಕ್ಷಕ)

ಬೋರ್ಡಿನ ಪರ ಬರೆಯಲು ನನಗೆ ಹೇಳಿದ್ದಾರೆ. ಪ್ರಯೋಗ ಬೇಡ ಎಂದು ಮಾತ್ರ ನಾನು ಹೇಳಲಾರೆ. ಆದರೆ ನಮ್ಮ ಪಿರಿಯಡ್ 40 ನಿಮಿಷ, ತರಗತಿಯಲ್ಲಿ 60 ಮಕ್ಕಳು. ಕರೆಂಟ್ ಅಳೆಯಲು ಇರುವ ಒಂದೇ ಮೀಟರ್ ಎಷ್ಟು ಜನರ ಕೈಗೆ ಸಿಗುತ್ತದೆ? ಹಿಂದಿನ ಬೆಂಚಿನವರಿಗೆ ಮುಂದಿನವರ ಬೆನ್ನಷ್ಟೇ ಕಾಣುತ್ತದೆ.

ಪ್ರಯೋಗಗಳನ್ನು ಕಂಪ್ಯೂಟರ್ ತೆರೆಯ ಮೇಲೆ ಮಾಡಿ ನೋಡಲು ಬಿಡುವ, ಅಮೆರಿಕದ ಕೊಲರಾಡೋ ವಿಶ್ವವಿದ್ಯಾಲಯದ ‘ಫೆಟ್’ 2002ರಲ್ಲಿ ಶುರುವಾಯಿತು. ಉಚಿತವಾಗಿ ಸಿಗುತ್ತದೆ. ಅದರಲ್ಲಿ ವೋಲ್ಟೇಜ್ ಏರಿಸಿದರೆ ಕರೆಂಟ್ ಏರುವುದು, ರೋಧ ಜಾಸ್ತಿ ಮಾಡಿದರೆ ಇಳಿಯುವುದು ಎಲ್ಲರಿಗೂ ಒಟ್ಟಿಗೆ ಕಾಣುತ್ತದೆ. ತಂತಿಯೊಳಗಿನ ಎಲೆಕ್ಟ್ರಾನನ್ನು ಯಾವ ಲ್ಯಾಬ್ ತೋರಿಸುತ್ತದೆ? ಎಲ್ಲವನ್ನೂ ಕೈಯಾರೆ ಮಾಡಬೇಕು ಎನ್ನುವವರು ಗ್ರಹಣದ ಪಾಠಕ್ಕೆ ಗ್ರಹಣ ಬರುವ ತನಕ ಕಾಯಬೇಕಾಗುತ್ತದೆ. ವಾರಕ್ಕೊಮ್ಮೆ ಲ್ಯಾಬ್ ಇರಲಿ, ಉಳಿದ ದಿನ ಬೋರ್ಡ್ ಇರಲಿ.

ವಿರೋಧ
(ಧಾರವಾಡದ ವಿಜ್ಞಾನ ಶಿಕ್ಷಕಿ)

ಜೀವಕೋಶದ ಪಾಠವನ್ನು ನಾನೂ ಒಂದು ವರ್ಷ ವಿಡಿಯೋದಲ್ಲೇ ಮುಗಿಸಿದ್ದೆ. ಮಕ್ಕಳು ಸುಮ್ನೆ ಕುಳಿತು ನೋಡಿದರು, ಪರೀಕ್ಷೆಯಲ್ಲಿ ಚಿತ್ರವನ್ನೂ ಬಿಡಿಸಿದರು. ಮರುವರ್ಷ ಬೀರುವಿನಲ್ಲಿದ್ದ ಮೈಕ್ರೋಸ್ಕೋಪ್ ಹೊರತೆಗೆದೆ. ಮನೆಯಿಂದ ಉಳ್ಳಾಗಡ್ಡಿ ತನ್ನಿ ಅಂದೆ.

ಒಳಪದರದ ತೆಳು ಸಿಪ್ಪೆ ಎಬ್ಬಿಸಿ, ಸ್ಲೈಡಿನ ಮೇಲಿಟ್ಟು, ಅಯೋಡಿನ್ ಹನಿಸಿದರು. ಮೊದಲು ಕಂಡದ್ದು ಕಪ್ಪು ಅಂಚಿನ ದೊಡ್ಡ ದುಂಡು. ಜೀವಕೋಶ ಸಿಕ್ಕಿತು ಎಂದು ಎಲ್ಲರೂ ಅದನ್ನೇ ಬರೆದುಕೊಂಡರು. ಒಬ್ಬ ಹುಡುಗಿ ಮಾತ್ರ ಮೇಲೆ ಮುಚ್ಚಿದ್ದ ತೆಳು ಗಾಜನ್ನು, ಅಂದರೆ ಕವರ್ ಸ್ಲಿಪ್ಪನ್ನು, ಮೆಲ್ಲಗೆ ಒತ್ತಿದಳು. ದುಂಡು ಜಾರಿತು. ‘ಜೀವಕೋಶ ಓಡಾಡತಾವೇನ್ರಿ ಟೀಚರ್?’ ಎಂದು ಕೇಳಿದಳು. ನಾನು ಉತ್ತರ ಹೇಳಲಿಲ್ಲ, ಇನ್ನೊಂದು ಸ್ಲೈಡ್ ಮಾಡು ಅಂದೆ. ಈ ಸಲ ಕವರ್ ಸ್ಲಿಪ್ಪನ್ನು ಸೂಜಿಯ ಆಸರೆಯಲ್ಲಿ ಓರೆಯಾಗಿ, ನಿಧಾನ ಇಳಿಸಿದಳು. ಗಾಳಿಗುಳ್ಳೆ ಇರಲಿಲ್ಲ. ‘ಟೀಚರ್, ಇಟ್ಟಂಗಿ ಗ್ವಾಡಿ ಕಟ್ಟಿದಂಗ ಐತ್ರಿ!’

ನಾನು ತೋರಿಸಿದ್ದ ವಿಡಿಯೋದಲ್ಲಿ ಗುಳ್ಳೆಯೇ ಇರಲಿಲ್ಲ. ಹಾಗಿದ್ದರೆ ಯಾವುದು ಜೀವಕೋಶ, ಯಾವುದು ಅಲ್ಲ ಎಂಬ ಪ್ರಶ್ನೆ ಮಗುವಿಗೆ ಹುಟ್ಟುವುದು ಎಲ್ಲಿ? ಮೀಟರಿನ ಮುಳ್ಳು ಸೊನ್ನೆಯಿಂದ ಚೂರು ಸರಿದಿರುವುದು, ಬ್ಯಾಟರಿ ಶೆಲ್ ಅರ್ಧ ಇಳಿದಿರುವುದು ನಮ್ಮ ಮೇಜಿನ ಮೇಲೆಯೇ ಗೊತ್ತಾಗಬೇಕು, ಅಲ್ವಾ?

ಸಮಯ ಇಲ್ಲ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಮನಸ್ಸು ಮಾಡಿದರೆ ಸಿಗುತ್ತದೆ. ಅರಿಶಿಣ ಬಳಿದ ಕಾಗದ ಸೋಪಿನ ನೀರಿಗೆ ಕೆಂಪಾಗುತ್ತದೆ, ಅದಕ್ಕೆ ಲ್ಯಾಬೇ ಬೇಡ. ನಮ್ಮೂರಲ್ಲೇ ಪ್ರಾದೇಶಿಕ ವಿಜ್ಞಾನ ಕೇಂದ್ರವೂ ಇದೆ.

ಆ ಹುಡುಗಿ ನೋಟ್‌ಬುಕ್ಕಿನಲ್ಲಿ ಎರಡು ಚಿತ್ರ ಬಿಡಿಸಿದ್ದಳು. ಒಂದು ಜೀವಕೋಶ, ಪಕ್ಕದಲ್ಲಿ ಗಾಳಿಗುಳ್ಳೆ. ಎರಡಕ್ಕೂ ಹೆಸರು ಬರೆದಿದ್ದಳು.