ಮೂರನೇ ಪಿರಿಯಡ್ಡಿನಲ್ಲಿ ರಾಗಿಮುದ್ದೆ

ಜಪಾನಿನ ಶಾಲೆಗಳಿಗೆ ಬೇಸಿಗೆ ರಜೆ ಸಾಮಾನ್ಯವಾಗಿ ಜುಲೈ 20ರ ಸುಮಾರಿಗೆ ಶುರುವಾಗಿ ಆಗಸ್ಟ್ ಕೊನೆಗೆ ಮುಗಿಯುತ್ತದೆ. ಸೆಪ್ಟೆಂಬರಿನ ಮೊದಲ ಇಂಗ್ಲಿಷ್ ಕ್ಲಾಸಿನಲ್ಲಿ ಆರನೇ ತರಗತಿಯ ಮಕ್ಕಳ ಮಾತು ಕೇಳಬೇಕು. ಅಷ್ಟೂ ಮಂದಿ ಒಂದೇ ಬಸ್ಸಿನಲ್ಲಿ ಒಂದೇ ಊರಿಗೆ ಹೋಗಿಬಂದವರ ಹಾಗೆ ಒಪ್ಪಿಸುತ್ತಾರೆ: ‘ಐ ವೆಂಟ್ ಟು ದ ಸೀ. ಐ ಎಂಜಾಯ್ಡ್ ಸ್ವಿಮ್ಮಿಂಗ್. ಐ ಏಟ್ ವಾಟರ್‌ಮೆಲನ್. ಇಟ್ ವಾಸ್ ಫನ್.’ ಪಾಪ, ಮಕ್ಕಳ ತಪ್ಪೇನಿಲ್ಲ. ಭೂತಕಾಲದ ಪರಿಚಯ ಅವರಿಗೆ ಆಗುವುದೇ ಆ ವರ್ಷ, ರಜೆಯ ಪಾಠದಲ್ಲಿ. ಹೋದೆ, ಖುಷಿಪಟ್ಟೆ, ತಿಂದೆ, ಹೀಗಿತ್ತು ಎಂಬ ನಾಲ್ಕು ಅಚ್ಚುಗಳಲ್ಲೇ ನಲವತ್ತು ದಿನದ ರಜೆಯನ್ನು ತುಂಬಬೇಕು.

ಇಂಥ ಕ್ಲಾಸಿಗೆ ಪರದೇಶದ ಇಂಗ್ಲಿಷ್ ಮೇಷ್ಟ್ರೋ ಮೇಡಮ್ಮೋ ತಮ್ಮ ರಜೆಯ ಫೋಟೋ ಹಿಡಿದುಕೊಂಡು ಬರುತ್ತಾರೆ. ಅಲ್ಲಿ ಇವರಿಗೆ ಎಎಲ್‌ಟಿ ಅನ್ನುತ್ತಾರೆ, ಅಂದರೆ ಸಹಾಯಕ ಭಾಷಾ ಶಿಕ್ಷಕ. ಕೆಲವರು ಪರದೇಶದವರನ್ನು ಕರೆಸಿಕೊಳ್ಳಲೆಂದು 1987ರಲ್ಲಿ ಶುರುವಾದ ‘ಜೆಟ್’ ಎಂಬ ಸರ್ಕಾರಿ ಕಾರ್ಯಕ್ರಮದಿಂದ ಬಂದವರು, ಕೆಲವರು ಖಾಸಗಿ ಕಂಪನಿಗಳ ಮೂಲಕ ಬಂದವರು. ಭಾರತದಿಂದ ಹೋದವರೂ ಒಂದಷ್ಟು ಜನ ಇದ್ದಾರೆ. ಹೊಸಬರು ಬಹುಪಾಲು ಎಡವುವುದು ಒಂದೇ ಜಾಗದಲ್ಲಿ. ಊರಿಗೆ ಹೋಗಿಬಂದ ಉಮೇದಿನಲ್ಲಿ ಅರವತ್ತು ಸ್ಲೈಡ್ ಮಾಡಿ, ಮುಕ್ಕಾಲು ಗಂಟೆ ತಾವೇ ಮಾತಾಡಿ, ಕೊನೆಗೆ ‘ಎನಿ ಕ್ವೆಶ್ಚನ್ಸ್?’ ಅನ್ನುತ್ತಾರೆ. ಮೂವತ್ತೈದು ಮಕ್ಕಳು ಮೂವತ್ತೈದು ಮೇಜುಗಳನ್ನು ನೋಡುತ್ತಾರೆ. ಆಸಕ್ತಿ ಇಲ್ಲ ಅಂತಲ್ಲ. ಎಲ್ಲರೆದುರು ತಪ್ಪು ಇಂಗ್ಲಿಷ್ ಆಡಿಬಿಟ್ಟರೆ ಎಂಬ ಭಯ, ಮೊದಲು ಪಕ್ಕದವನನ್ನು ಕೇಳಿಕೊಳ್ಳುವ ಅಭ್ಯಾಸ. ಒಂದು ನಿಮಿಷ ಜೋಡಿಯಾಗಿ ಗುಸುಗುಸು ಮಾಡಲು ಬಿಟ್ಟು ಆಮೇಲೆ ಕೇಳಿದರೆ ಅದೇ ಮಕ್ಕಳು ಬಾಯಿ ಬಿಡುತ್ತಾರೆ.

ಪ್ರಾಥಮಿಕ ಶಾಲೆಯಲ್ಲಿ ಪಿರಿಯಡ್ಡು 45 ನಿಮಿಷ, ಅದರ ಮುಂದಿನ ಹಂತದಲ್ಲಿ 50. ಮೇಷ್ಟ್ರ ಪ್ರವಾಸಕ್ಕೆ ಇದರಲ್ಲಿ ಹತ್ತು ಹನ್ನೆರಡು ನಿಮಿಷ ಧಾರಾಳವಾಯಿತು. ಆರು ಫೋಟೋ, ಫೋಟೋಕ್ಕೊಂದು ವಾಕ್ಯ. ಎ4 ಹಾಳೆಯಲ್ಲಿ ಮುದ್ರಿಸಿದರೆ ಹಿಂದಿನ ಸಾಲಿನವರಿಗೆ ಆನೆಯೂ ಎಮ್ಮೆಯೂ ಒಂದೇ. ಎ3 ಆಗಬೇಕು, ಲ್ಯಾಮಿನೇಟ್ ಮಾಡಿರಬೇಕು. ಅಲ್ಲಿನ ಹಸಿರು ಬೋರ್ಡು ಉಕ್ಕಿನದು, ಮ್ಯಾಗ್ನೆಟ್ ಹಿಡಿಯುತ್ತದೆ. ಆದರೆ ಎ3 ಲ್ಯಾಮಿನೇಟಿಗೆ ನಾಲ್ಕು ಮೂಲೆಗೂ ಒಂದೊಂದು ಬೇಕು, ಮೇಲೆ ಎರಡೇ ಹಾಕಿದರೆ ಮಾತಿನ ನಡುವೆ ಮೆಲ್ಲಗೆ ಜಾರಿ ಇಳಿಯುತ್ತದೆ. ಇನ್ನೊಂದು ಕಾಟವೆಂದರೆ ಹೊಳಪು. ಬರೆಯುವ ಕೈಯ ನೆರಳು ಹಾಳೆಯ ಮೇಲೆ ಬೀಳಬಾರದೆಂದು ಅಲ್ಲಿನ ಕೋಣೆಗಳಲ್ಲಿ ಕಿಟಕಿ ಸಾಮಾನ್ಯವಾಗಿ ಮಕ್ಕಳ ಎಡಕ್ಕೆ ಇರುತ್ತದೆ. ಆ ಬೆಳಕು ಲ್ಯಾಮಿನೇಟಿಗೆ ಬಡಿದು ಬಲಬದಿ ಕೂತ ಅರ್ಧ ಕ್ಲಾಸಿಗೆ ಬರೀ ಬಿಳಿ ಪಟ್ಟಿ ಕಾಣುತ್ತದೆ. ಹೊಳಪಿಲ್ಲದ ಫಿಲ್ಮ್ ಹಾಕಿಸಿ, ಇಲ್ಲವೇ ಕಿಟಕಿಯ ಪರದೆ ಎಳೆಯಿರಿ. ಟಿವಿಯಲ್ಲಿ ತೋರಿಸುವ ಆಸೆಯಿದ್ದರೆ ಹಿಂದಿನ ದಿನವೇ ಫೈಲನ್ನು ಶಾಲೆಗೆ ತಲುಪಿಸಿಬಿಡುವುದು ಕ್ಷೇಮ, ಏಕೆಂದರೆ ಎಷ್ಟೋ ಕಡೆ ಹೊರಗಿನ ಪೆನ್‌ಡ್ರೈವ್ ಚುಚ್ಚಲು ಬಿಡುವುದಿಲ್ಲ. ಅಕ್ಷರವೂ ಕೈಬರಹದ ಹಾಗಿರಲಿ. ಪುಸ್ತಕದ ಅಚ್ಚಿನ ‘ಎ’ ಮತ್ತು ‘ಜಿ’ ಬೇರೆ ರೂಪದಲ್ಲಿರುವುದರಿಂದ ಚಿಕ್ಕ ಮಕ್ಕಳು ತಬ್ಬಿಬ್ಬಾಗುತ್ತಾರೆ. ಜಗತ್ತೆಲ್ಲ ಗೇಲಿ ಮಾಡುವ ಕಾಮಿಕ್ ಸಾನ್ಸ್ ಫಾಂಟಿಗೆ ಇಲ್ಲಿ ಮಾತ್ರ ಮರ್ಯಾದೆ ಉಂಟು.

ಮಾತಿಗೂ ಬಜೆಟ್ ಇದೆ. 2020ರಿಂದ ಐದು, ಆರನೇ ತರಗತಿಗೆ ಇಂಗ್ಲಿಷ್ ಪೂರ್ಣಪ್ರಮಾಣದ ವಿಷಯ. ಪ್ರಾಥಮಿಕ ಹಂತ ಮುಗಿಯುವಷ್ಟರಲ್ಲಿ 600ರಿಂದ 700 ಪದಗಳ ಪರಿಚಯ ಆಗಬೇಕೆಂದು ಪಠ್ಯಕ್ರಮ ಹೇಳುತ್ತದೆ. ‘ಮ್ಯಾಗ್ನಿಫಿಸೆಂಟ್’ ಅದರಲ್ಲಿಲ್ಲ, ‘ಬಿಗ್’ ಇದೆ. ಅರಮನೆ ಬಿಗ್, ಆನೆಯೂ ಬಿಗ್, ಅಷ್ಟು ಸಾಕು. ಇನ್ನು ಜೊತೆಗಿರುವ ಜಪಾನಿ ಟೀಚರ್ ಪ್ರತಿ ವಾಕ್ಯವನ್ನೂ ತಕ್ಷಣ ಜಪಾನಿಗೆ ತಿರುಗಿಸತೊಡಗಿದರೆ ಪಾಠ ಅಲ್ಲಿಗೆ ಮುಗಿಯಿತು. ಮಕ್ಕಳು ಇಂಗ್ಲಿಷಿಗೆ ಕಿವಿ ಮುಚ್ಚಿಕೊಂಡು ಜಪಾನಿಗಾಗಿ ಕಾಯುತ್ತಾರೆ. ಕಾರಿಡಾರಿನಲ್ಲಿ ನಿಂತು ಐದು ನಿಮಿಷ ಮಾತಾಡಿಕೊಂಡರೂ ಸಾಕು: ಸೆನ್ಸೇ (ಅಂದರೆ ಟೀಚರ್), ಅನುವಾದ ಬೇಡ, ನೀವು ಇಂಗ್ಲಿಷಿನಲ್ಲೇ ನನ್ನನ್ನು ಪೀಡಿಸಿ. ನಾವು ಕೈಯಲ್ಲೇ ಉಣ್ಣುತ್ತೇವೆ ಎಂದಾಗ ‘ರಿಯಲಿ? ವಿತ್ ಯುವರ್ ಹ್ಯಾಂಡ್?’ ಎಂದು ಟೀಚರ್ ಕಣ್ಣರಳಿಸಿದರೆ ಕ್ಲಾಸೂ ಕಣ್ಣರಳಿಸುತ್ತದೆ.

ಏನನ್ನು ತೋರಿಸುವುದು? ತಾಜ್‌ಮಹಲ್ ಬೇಡ, ಅದು ಅವರ ಪುಸ್ತಕಗಳಲ್ಲೇ ಸಿಗುತ್ತದೆ. ಮೈಸೂರು ದಸರೆಯ ಅಂಬಾರಿ ಪರವಾಗಿಲ್ಲ, ಏಕೆಂದರೆ ಅದರಲ್ಲೊಂದು ಲೆಕ್ಕವಿದೆ. ಅಂಬಾರಿಯ ತೂಕ ಎಷ್ಟು ಎಂದು ಕೇಳಿ, ಎಪ್ಪತ್ತೈದು ಕಿಲೋ, ಏಳುನೂರೈವತ್ತು, ಏಳೂವರೆ ಸಾವಿರ ಎಂದು ಮೂರು ಉತ್ತರ ಕೊಟ್ಟು, ಎಲ್ಲರೂ ಕಣ್ಣು ಮುಚ್ಚಿ ಬೆರಳಲ್ಲಿ ಒಂದು, ಎರಡು, ಮೂರು ತೋರಿಸಲಿ. ಕಣ್ಣು ತೆರೆದಿದ್ದರೆ ಜಾಣನ ಬೆರಳು ನೋಡಿ ಬಾಕಿಯವರದು ಬದಲಾಗುತ್ತದೆ. (ಉತ್ತರ ಎರಡು.) ಆದರೆ ನನ್ನನ್ನು ಕೇಳಿದರೆ ಅಂಬಾರಿಗಿಂತ ಅಡುಗೆಮನೆಯೇ ವಾಸಿ. ಭಾರತ ಜಪಾನಿಗಿಂತ ಮೂರೂವರೆ ಗಂಟೆ ಹಿಂದೆ. ಆ ಅರ್ಧ ಗಂಟೆಯೇ ಮಕ್ಕಳಿಗೆ ವಿಚಿತ್ರ. ಮೂರನೇ ಪಿರಿಯಡ್ಡು 10:40ಕ್ಕೆ ಶುರುವಾದರೆ ಆಗ ಬೆಂಗಳೂರಿನಲ್ಲಿ 7:10. ‘ಈಗ, ಈ ಕ್ಷಣ, ನಮ್ಮ ಬೀದಿಯಲ್ಲಿ’ ಎಂದು ನಾಲ್ಕು ಫೋಟೋ ಅಂಟಿಸಿ: ಬಾಗಿಲ ಮುಂದೆ ರಂಗೋಲಿ ಇಡುತ್ತಿರುವ ಕೈ, ಗೇಟಿಗೆ ನೇತುಹಾಕಿದ ಚೀಲದಲ್ಲಿ ಹಾಲಿನ ಪ್ಯಾಕೆಟ್, ಶಾಲೆಯ ವ್ಯಾನು, ಹಬೆಯಾಡುವ ಇಡ್ಲಿ ಪಾತ್ರೆ. ಯಾವ ವ್ಯಾಕರಣವನ್ನೂ ವಿವರಿಸದೆ ವರ್ತಮಾನಕಾಲ ಒಳಗೆ ಬಂದು ಕೂರುತ್ತದೆ.

ಇನ್ನು ಊಟದ ವಿಚಾರ. ‘ದಿನಾ ಕರಿ ತಿಂತೀರಾ? ದಿನಾ ನಾನ್ ತಿಂತೀರಾ?’ ಈ ಎರಡು ಪ್ರಶ್ನೆ ಬಂದೇ ಬರುತ್ತವೆ. ಜಪಾನಿನ ಇಂಡಿಯನ್ ಹೋಟೆಲುಗಳಲ್ಲಿ ತಟ್ಟೆ ಮೀರಿದ ನಾನ್ ಕೊಡುತ್ತಾರೆ, ಅವನ್ನು ನಡೆಸುವವರಲ್ಲಿ ಬಹಳಷ್ಟು ಮಂದಿ ನೇಪಾಳದವರು. ನಮ್ಮ ಮನೆಗಳಲ್ಲಿ ತಂದೂರಿ ಒಲೆಯೇ ಇಲ್ಲವೆಂದರೆ ಮಕ್ಕಳು ನಂಬುವುದಿಲ್ಲ. ಆಗ ರಾಗಿಮುದ್ದೆಯ ಫೋಟೋ ತೆಗೆಯಬೇಕು, ಹೆಸರು ಹೇಳದೆ. ಚಾಕೊಲೇಟ್, ಮಾಂಸದುಂಡೆ, ಮಣ್ಣು ಎಂದೆಲ್ಲ ಊಹೆ ಬರಲಿ. ಆಮೇಲೆ ಕ್ರಮವಾಗಿ ಚಿತ್ರ ಬರೆದು ತೋರಿಸಿ: ಎರಡು ಲೋಟ ನೀರು ಕುದಿಯುತ್ತಿದೆ, ಒಂದು ಲೋಟ ಹಿಟ್ಟು ನಡುವೆ ಗುಡ್ಡೆಯಾಗಿ ಬೀಳುತ್ತದೆ, ಕದಡದೆ ನಾಲ್ಕೈದು ನಿಮಿಷ ಬೇಯುತ್ತದೆ, ಕೋಲಿನಲ್ಲಿ ಗಂಟಿಲ್ಲದಂತೆ ತಿರುವುತ್ತಾರೆ, ಒದ್ದೆ ಕೈಯಲ್ಲಿ ಉಂಡೆ ಕಟ್ಟುತ್ತಾರೆ. ಬಾಯ್ಲ್, ಆ್ಯಡ್, ವೇಟ್, ಸ್ಟರ್, ರೋಲ್. ಐದು ಕ್ರಿಯಾಪದಕ್ಕೂ ಕೈಸನ್ನೆ ಮಾಡಿಸಿ. ಕೊನೆಯದು ‘ಸ್ವಾಲೋ, ಡೋಂಟ್ ಚ್ಯೂ’. ಇಲ್ಲಿ ಇಡೀ ಕ್ಲಾಸಿನಿಂದ ‘ಏಏಏ?’ ಎಂಬ ರಾಗ ಏಳುತ್ತದೆ. ಅಲ್ಲಿಯವರೆಗೆ ನಿದ್ದೆಗಣ್ಣಲ್ಲಿದ್ದ ಕೊನೇ ಬೆಂಚಿನವನೂ ಎದ್ದು ಕೂರುತ್ತಾನೆ. ಅಂದಹಾಗೆ ರಾಗಿ ಜಪಾನಿಗೆ ಹೊಸದಲ್ಲ. ಹಿಂದೆ ಗುಡ್ಡಗಾಡಿನ ಹಳ್ಳಿಗಳಲ್ಲಿ ಬೆಳೆಯುತ್ತಿದ್ದರು, ಶಿಕೊಕುಬಿಯೆ ಅನ್ನುತ್ತಾರೆ.

ಇಷ್ಟೆಲ್ಲ ಆದ ಮೇಲೆ ಮಕ್ಕಳ ಸರದಿ. ಇಲ್ಲಿ ‘ವೇರ್ ಡಿಡ್ ಯು ಗೋ?’ ಅನ್ನುವುದು ನೋಡಲು ಸಾಧು ಪ್ರಶ್ನೆ, ಕೆಲವು ಮಕ್ಕಳಿಗೆ ಮುಳ್ಳು. ಅಪ್ಪ ಅಮ್ಮನಿಗೆ ರಜೆ ಸಿಗದ ಮನೆಗಳಿವೆ. ಸ್ವಲ್ಪ ದೊಡ್ಡವರಾದರೆ ಬೇಸ್‌ಬಾಲ್, ಬ್ಯಾಂಡು ಎಂದು ರಜೆಯುದ್ದಕ್ಕೂ ಕ್ಲಬ್ಬಿನ ಅಭ್ಯಾಸ. ಆಗಸ್ಟ್ ನಡುವಿನ ಓಬೊನ್ ಹಬ್ಬಕ್ಕೆ ಅಜ್ಜಿಮನೆಗೆ ಹೋಗಿಬಂದರೆ ಅದೇ ಪ್ರವಾಸ. ಎಲ್ಲಿಗೂ ಹೋಗದ ಹುಡುಗಿ ‘ಐ ವೆಂಟ್ ಟು ದ ಸೀ’ ಎಂದು ಸುಳ್ಳು ಹೇಳುವುದು ಕಷ್ಟದಿಂದ ಪಾರಾಗಲು. ಅದರ ಬದಲು ಎಷ್ಟು ಹೊತ್ತಿಗೆ ಎದ್ದೆ, ಏನು ತಿಂದೆ, ಯಾವುದು ಬೋರಾಯಿತು ಎಂದು ಕೇಳಿ ನೋಡಿ. ಬೆಳಗ್ಗೆ ಆರೂವರೆಗೆ ರೇಡಿಯೋ ಕೇಳುತ್ತ ಎಲ್ಲರೂ ಸೇರಿ ಮಾಡುವ ವ್ಯಾಯಾಮಕ್ಕೆ ಕೊರಳಲ್ಲಿ ಕಾರ್ಡು ನೇತುಹಾಕಿಕೊಂಡು ಹೋಗಿ ಹಾಜರಿ ಮುದ್ರೆ ಒತ್ತಿಸಿಕೊಂಡದ್ದು, ಚಿತ್ರದ ದಿನಚರಿಯನ್ನು ಆಗಸ್ಟ್ 31ರ ರಾತ್ರಿ ಒಟ್ಟಿಗೆ ಬರೆದದ್ದು, ಎಲ್ಲ ಆಚೆ ಬರುತ್ತವೆ. ಮೇಷ್ಟ್ರೂ ತಮ್ಮ ಆರು ಫೋಟೋಗಳಲ್ಲಿ ಒಂದನ್ನು ಸಪ್ಪೆ ದಿನಕ್ಕೆ ಮೀಸಲಿಡಲಿ: ಮಳೆ, ಕರೆಂಟಿಲ್ಲ, ಮಲಗಿದ್ದೆ.

ಸ್ಟಾಫ್ ರೂಮಿಗೆ ತಿಂಡಿ ತರುವುದು ಮಾತ್ರ ತಪ್ಪಿಸಲಾಗದ ಬಾಬತ್ತು. ಊರಿಂದ ಬಂದವರು ‘ಒಮಿಯಾಗೆ’, ಅಂದರೆ ಹೋದ ಊರಿಂದ ತಂದ ಉಡುಗೊರೆ, ಹಂಚಲೇಬೇಕು. ಕ್ಲಾಸಿಗೆ ಹೋದವರ ಮೇಜಿನ ಮೇಲೆ ಒಂದೊಂದು ಇಟ್ಟುಬರುವ ಪದ್ಧತಿ ಇರುವುದರಿಂದ ಬಿಡಿಬಿಡಿಯಾಗಿ ಸುತ್ತಿದ ತಿಂಡಿಯೇ ಆಗಬೇಕು. ತುಪ್ಪ ಬಿಡುವ ಮೈಸೂರು ಪಾಕು ಯಾರದೋ ಪ್ರಶ್ನೆಪತ್ರಿಕೆಗೆ ನಕ್ಷೆ ಬರೆಯುತ್ತದೆ. ಪೇಡ ಸೆಕೆಯಲ್ಲಿ ಹೆಚ್ಚು ದಿನ ತಾಳುವುದಿಲ್ಲ. ಚಿಕ್ಕಿ ಗಟ್ಟಿಮುಟ್ಟು, ಆದರೆ ಶೇಂಗಾ ಅಲ್ಲಿ ಅಲರ್ಜಿಯ ಕಡ್ಡಾಯ ಪಟ್ಟಿಯಲ್ಲಿದೆ, ಚೀಟಿ ಬರೆದಿಡಬೇಕು. ಎಲ್ಲ ಅಳೆದು ನೋಡಿದರೆ ಗೆಲ್ಲುವುದು ನಮ್ಮ ಐದು ರೂಪಾಯಿ ಬಿಸ್ಕತ್ ಪ್ಯಾಕೆಟ್ಟು. ಮಕ್ಕಳಿಗಂತೂ ತಿನ್ನುವ ವಸ್ತು ಏನೂ ಕೊಡಬೇಡಿ, ಶಾಲೆ ಒಪ್ಪುವುದಿಲ್ಲ.

ಅವರಿಗೆ ಅಕ್ಷರ ಕೊಡಬಹುದು. ಜಪಾನಿ ಕಾನಾ ಅಕ್ಷರಮಾಲೆಯ ಸಾಲುಗಳ ಕ್ರಮ ಸಂಸ್ಕೃತದ ವರ್ಣಮಾಲೆಯಿಂದ ಹೋದದ್ದು. ಅ, ಕ, ಸ, ತ, ನ, ಹ, ಮ, ಯ, ರ, ವ ಎಂದೇ ನಡೆಯುತ್ತದೆ. 46 ಕಾನಾಗಳ ಎದುರು ಕನ್ನಡ ಅಕ್ಷರ ಬರೆದ ಒಂದು ಹಾಳೆ ಹಂಚಿದರೆ ಸಕುರಾ, ಹರುತೊ, ಯುಮಿ ತಮ್ಮ ಹೆಸರನ್ನು ತಾವೇ ಬರೆದುಕೊಳ್ಳುತ್ತಾರೆ. ‘ತ್ಸು’ ಬಂದಲ್ಲಿ ಒತ್ತಕ್ಷರಕ್ಕೆ, ‘ಕೆಂತ’ ಬಂದಲ್ಲಿ ಸೊನ್ನೆಗೆ ಮೇಷ್ಟ್ರ ಸಹಾಯ ಬೇಕು. ಎಲ್ಲರ ಹೆಸರನ್ನೂ ಮೇಷ್ಟ್ರೇ ಬರೆದುಕೊಡಲು ಹೊರಟರೆ ಗಂಟೆ ಹೊಡೆದಿರುತ್ತದೆ.

ಗಂಟೆಗೆ ಏಳು ನಿಮಿಷ ಇರುವಾಗ ಅಂಗೈಯಗಲದ ಚೀಟಿ ಕೊಟ್ಟು ಒಂದೊಂದು ಪ್ರಶ್ನೆ ಬರೆಸಿಕೊಳ್ಳಿ. ಹೆಸರು ಬೇಡ, ಸ್ಪೆಲಿಂಗ್ ತಿದ್ದುವುದೂ ಬೇಡ. ಮೂರು ನಾಲ್ಕು ಶಾಲೆ ಸುತ್ತುವ ಎಎಲ್‌ಟಿ ಅದೇ ಕ್ಲಾಸಿಗೆ ಮತ್ತೆ ಬರುವುದು ಹತ್ತು ದಿನವಾದ ಮೇಲೆ, ಅಷ್ಟರಲ್ಲಿ ಮಕ್ಕಳು ಕೇಳಿದ್ದನ್ನೇ ಮರೆತಿರುತ್ತಾರೆ. ಅದಕ್ಕೆ ಉತ್ತರಗಳನ್ನು ಅಂದೇ ಬರೆದು ಕಾರಿಡಾರಿನ ಬೋರ್ಡಿಗೆ ಅಂಟಿಸಬೇಕು. ಹಾವು ನೋಡಿದ್ದೀರಾ ಎಂಬ ಹತ್ತು ಚೀಟಿಗೆ ಒಂದೇ ಉತ್ತರ ಸಾಕು. ಸಂಬಳ ಎಷ್ಟು ಎಂದು ಕೇಳಿದ ಚೀಟಿಯನ್ನು ಮಾತ್ರ ಮಡಚಿ ಜೇಬಿಗೆ ಹಾಕಿಕೊಳ್ಳುವುದು.